ಮೊದಲು ಓದು, ಆಮೇಲೆ ಬರೆ

ಕ್ಲಿಪ್ಪಿನ ಎಂಟು ಹಲ್ಲೂ ಚಿಪ್ಪಿನ ಎಂಟು ಕಾಲಿಗೆ ಒಂದೇ ಸಲಕ್ಕೆ ಕಚ್ಚಿಕೊಳ್ಳುವುದಿದೆಯಲ್ಲ, ಆ ಸುಖ ಅನುಭವಿಸಿದವರಿಗೇ ಗೊತ್ತು. ಮೊನ್ನೆ ಹಾಗಾಯಿತು. ಗೆಳೆಯನೊಬ್ಬ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಲ್ ಸಮೇತ ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು. ವಿಂಡೋಸ್ ಚೆನ್ನಾಗಿಯೇ ಓಡುತ್ತದೆ. ಲಿನಕ್ಸ್ ಹಾಕೋಣವೆಂದು ಬಯೋಸ್ ಒಳಗೆ ಹೋದರೆ ಮಾತ್ರ, ಹಿಂದೆ ಯಾರೋ ಹಾಕಿ ಮರೆತ ಪಾಸ್‌ವರ್ಡ್ ಅಡ್ಡ ನಿಲ್ಲುತ್ತದೆ. ಬ್ಯಾಟರಿ ಕಳಚಿ, ಬಯೋಸ್ ಚಿಪ್ಪಿನ ಚುಕ್ಕಿ ಇರುವ ಮೊದಲ ಕಾಲಿಗೆ ಕ್ಲಿಪ್ಪಿನ ಕೆಂಪು ತಂತಿ ಹೊಂದಿಸಿ ಕೂತೆ. ವಿನ್‌ಬಾಂಡ್ 25ಕ್ಯೂ64 ಎಂದು ಚಿಪ್ಪು ತಕ್ಷಣ ತನ್ನ ಗುರುತು ಹೇಳಿತು. 8 ಎಂಬಿ. ಓದಲು ಶುರುವಾಯಿತು.

‘ಸೆಲ್ ತೆಗೆದು ಹಾಕಿ ಸಾರ್, ಹೋಗುತ್ತೆ’ ಎನ್ನುವವರು ಇನ್ನೂ ಇದ್ದಾರೆ. ಆ ಮಾತಿಗೂ ಒಂದು ಕಾಲವಿತ್ತು. 1984ರ ಐಬಿಎಂ ಪಿಸಿ ಎಟಿಯಲ್ಲಿ ಗಡಿಯಾರ, ಸೆಟ್ಟಿಂಗ್ ಎಲ್ಲ ಸೇರಿ 64 ಬೈಟಿನ ಸಿಮಾಸ್ ಚಿಪ್ಪೊಂದರಲ್ಲಿ ಇರುತ್ತಿದ್ದವು. ಬ್ಯಾಟರಿ ತೆಗೆದರೆ ಎಲ್ಲ ಮಾಯ. ಡೆಸ್ಕ್‌ಟಾಪಿನಲ್ಲಿ ಈ ಉಪಾಯ ಬಹಳ ವರ್ಷ ನಡೆಯಿತು. ಥಿಂಕ್‌ಪ್ಯಾಡ್ ಮಾಡಿದವರು ಸೂಪರ್‌ವೈಸರ್ ಪಾಸ್‌ವರ್ಡನ್ನು ಬ್ಯಾಟರಿಯ ಹಂಗೇ ಇಲ್ಲದ ಬೇರೊಂದು ಪುಟ್ಟ ಈಪ್ರಾಮ್‌ನಲ್ಲಿಟ್ಟರು. ಅದು ಮರೆತುಹೋದರೆ ಮದರ್‌ಬೋರ್ಡನ್ನೇ ಬದಲಿಸಬೇಕು ಎಂದು ಅವರ ಸರ್ವೀಸ್ ಕೈಪಿಡಿಯೇ ಹೇಳುತ್ತದೆ. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಪಾಸ್‌ವರ್ಡ್ ಬಯೋಸ್ ಜೊತೆಗೇ ಫ್ಲ್ಯಾಶ್ ಚಿಪ್ಪಿನಲ್ಲಿ ಕೂತಿರುತ್ತದೆ. ಸೆಲ್ ತೆಗೆದರೆ ತಾರೀಖು ಹೋಗುತ್ತದೆ, ಅಷ್ಟೆ.

ನಡುವೆ ಒಂದು ಚೆಂದದ ಕಾಲವೂ ಇತ್ತು. ಹಳೆಯ ಫೀನಿಕ್ಸ್ ಬಯೋಸಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಮೂರು ಸಲ ತಪ್ಪು ಒತ್ತಿದರೆ ಪರದೆಯ ಮೇಲೆ ಐದಂಕಿಯ ಸಂಖ್ಯೆಯೊಂದು ಬರುತ್ತಿತ್ತು. ಒಳಗಿದ್ದ ಪಾಸ್‌ವರ್ಡಿನ ಲೆಕ್ಕದ ಮೊತ್ತ ಅದು. ಅದೇ ಮೊತ್ತ ಬರುವ ಬೇರೆ ಯಾವ ಪದ ಕೊಟ್ಟರೂ ಬಾಗಿಲು ತೆರೆಯುತ್ತಿತ್ತು. ಹಾಕಿದವರ ಪದ ಯಾವುದೆಂದು ತಿಳಿಯುವ ಅಗತ್ಯವೇ ಇರಲಿಲ್ಲ. ಬರೀ ಗಣಿತದಿಂದ ಬೀಗ ತೆಗೆಯುವ ಆ ಸೊಗಸು ನನಗೆ ಇವತ್ತಿಗೂ ಇಷ್ಟ.

ನನ್ನ ತಕರಾರು ಇರುವುದು ಚಿಪ್ಪನ್ನು ಓದದೆ ಬರೆಯುವವರ ಮೇಲೆ. ಅದೇ ಮಾಡೆಲ್ಲಿನ ಬಯೋಸ್ ಡಂಪನ್ನು ಎಲ್ಲಿಂದಲೋ ಇಳಿಸಿಕೊಂಡು ನೇರ ಬರೆದುಬಿಡುತ್ತಾರೆ. ಲ್ಯಾಪ್‌ಟಾಪು ಆನ್ ಆಯಿತು, ಪಾಸ್‌ವರ್ಡ್ ಕೇಳಲಿಲ್ಲ, ದುಡ್ಡು ಕೈಗೆ ಬಂತು. ಆದರೆ ಆ 8 ಎಂಬಿಯಲ್ಲಿ ಬಯೋಸ್ ಒಂದೇ ಇರುವುದಿಲ್ಲ. ಆ ಯಂತ್ರದ ಸೀರಿಯಲ್ ನಂಬರ್ ಇರುತ್ತದೆ, ವಿಂಡೋಸ್ 8ರ ನಂತರ ಬಂದವುಗಳಲ್ಲಿ ಲೈಸೆನ್ಸ್ ಕೀ ಇರುತ್ತದೆ, ಇಂಟೆಲ್ ಲ್ಯಾನ್ ಇದ್ದರೆ ಅದರ ಮ್ಯಾಕ್ ವಿಳಾಸವೂ ಅಲ್ಲೇ. ಬೀರುವಿನ ಬೀಗ ತೆಗೆಯಿರಿ ಎಂದು ಕೊಟ್ಟರೆ, ಒಳಗಿದ್ದ ಮನೆಪತ್ರ ಸುಟ್ಟು ಇನ್ನಾರದೋ ಪತ್ರ ಇಟ್ಟು ಕೊಟ್ಟ ಹಾಗಾಯಿತು. ಇಂಟೆಲ್‌ನ ಎಂಇ (ಮ್ಯಾನೇಜ್‌ಮೆಂಟ್ ಎಂಜಿನ್) ಭಾಗ ಕೆಟ್ಟಿದ್ದರಂತೂ ಲ್ಯಾಪ್‌ಟಾಪು ಅರ್ಧ ಗಂಟೆ ಓಡಿ ತಾನಾಗಿ ಆಫ್ ಆಗುತ್ತದೆ. ಕೊಂಡವನು ಬಿಸಿ ಜಾಸ್ತಿಯಾಯಿತೆಂದು ಫ್ಯಾನ್ ಬದಲಿಸುತ್ತಾನೆ, ಪೇಸ್ಟ್ ಹಚ್ಚಿಸುತ್ತಾನೆ. ಮೂಲ ಪ್ರತಿ ಉಳಿಸದ ಕಾರಣ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಒಂದೆರಡು ನಿಮಿಷ ಉಳಿಸಲು ಮಾಡುವ ಕೆಲಸವಿದು! ನನಗೆ ಇದು ಕ್ಷಮಿಸಲಾಗದ ಸೋಮಾರಿತನ.

ಎರಡು ಸಲ ಓದಬೇಕು. ಎರಡೂ ಫೈಲುಗಳ ಹ್ಯಾಶ್ ತಾಳೆ ನೋಡಬೇಕು. ಒಂದಕ್ಷರ ಹೆಚ್ಚುಕಮ್ಮಿ ಬಂದರೂ ಕ್ಲಿಪ್ ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಮತ್ತೆ ಕೂರಿಸಿ, ಮತ್ತೆ ಓದಿ. ಮೂಲವನ್ನು ಬೇರೆ ಕಡೆ ಎತ್ತಿಟ್ಟು, ಪ್ರತಿಯಲ್ಲಿ ಪಾಸ್‌ವರ್ಡಿನ ತುಣುಕನ್ನಷ್ಟೇ ತೆಗೆದು, ಅದನ್ನು ಬರೆಯಬೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರನ್ನು ಹಾಗೇ ಬಳಸಬಾರದು: 3.3 ವೋಲ್ಟಿನ ಚಿಪ್ಪಿನ ಡೇಟಾ ಕಾಲುಗಳಿಗೆ ಅದು 5 ವೋಲ್ಟ್ ಕೊಡುತ್ತದೆ. ಸರಿಪಡಿಸಿಕೊಂಡೇ ಕೈ ಹಾಕಬೇಕು. 1.8 ವೋಲ್ಟಿನ ಚಿಪ್ಪನ್ನು ಅಡಾಪ್ಟರ್ ಇಲ್ಲದೆ ಮುಟ್ಟಲೇಬಾರದು.

ಇಷ್ಟೆಲ್ಲ ಪಾಡು ಬೇಕಿತ್ತೇ ಎಂದು ನೆನೆದಾಗ ಸಿಟ್ಟು ಇನ್ನೂ ಹಿಂದಕ್ಕೆ ಹರಿಯುತ್ತದೆ. ಎಸ್.ಪಿ. ರೋಡಿಗೆ ಬರುವ ಲ್ಯಾಪ್‌ಟಾಪುಗಳಲ್ಲಿ ಆಫೀಸುಗಳು ಲೀಸ್ ಮುಗಿಸಿ ಸಾಲುಸಾಲಾಗಿ ಹೊರಹಾಕಿದವು ಬೇಕಾದಷ್ಟು. ಡಿಸ್ಕ್ ಅಳಿಸಿದ್ದಕ್ಕೆ ಸರ್ಟಿಫಿಕೇಟ್ ಪಡೆಯುವ ಆಫೀಸಿಗೆ ಬಯೋಸ್ ಪಾಸ್‌ವರ್ಡ್ ತೆಗೆಸುವುದು ತೋಚುವುದಿಲ್ಲ. ಅದು ಗೊತ್ತಿದ್ದ ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟಿರುತ್ತಾನೆ. ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮರುಬಳಕೆಯ ಮಾತು ಎಲ್ಲೆಲ್ಲೂ ಕೇಳುತ್ತದೆ. ಇತ್ತ ಇನ್ನೂ ಗಟ್ಟಿಮುಟ್ಟಾದ ಬೋರ್ಡುಗಳು ಒಂದು ಪದ ಗೊತ್ತಿಲ್ಲವೆಂದು ಗುಜರಿ ಸೇರುತ್ತಿವೆ. ಯಂತ್ರ ವಾಪಸು ಕೊಡುವಾಗ ತುಂಬುವ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಸೇರಿಸಲು ಎಷ್ಟು ಹೊತ್ತು ಬೇಕು?

ಬಿಲ್ ಇಲ್ಲದೆ ತಂದವರ ಲ್ಯಾಪ್‌ಟಾಪನ್ನು ನಾನು ಬಿಚ್ಚುವುದಿಲ್ಲ. ಆ ಪಾಸ್‌ವರ್ಡ್ ಇರುವುದೇ ಕದ್ದ ಮಾಲು ಕೆಲಸಕ್ಕೆ ಬಾರದಿರಲಿ ಎಂದು. ಕೊಳ್ಳುವವರು ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಆನ್ ಮಾಡಿಸಿ, ಬಯೋಸ್ ಒಳಗೆ ಹೋಗಿ, ಬೂಟ್ ಕ್ರಮ ಬದಲಿಸಿ ಸೇವ್ ಮಾಡಿ ನೋಡಲಿ. ಪಾಸ್‌ವರ್ಡ್ ಕೇಳಿತೋ, ಪಕ್ಕದ್ದನ್ನು ತೋರಿಸಿ ಎನ್ನಲಿ.