ಹಾಲಿನ ಸೂಜಿ

ಯಲಬುರ್ಗಾ ತಾಲೂಕಿನ ಹೈಸ್ಕೂಲೊಂದರಲ್ಲಿ ಹಾರ್ಮೋನಿನ ಪಾಠ ಮಾಡುವವನು ನಾನು. ಹಾಗಾಗಿ ಆಕ್ಸಿಟೋಸಿನ್ ಏನೆಂದು ಗೊತ್ತಿರಲಿಲ್ಲ ಅನ್ನುವಂತಿಲ್ಲ.

ಆ ಬೇಸಿಗೆಯಲ್ಲಿ ಕರು ಸತ್ತು ನಮ್ಮ ಎಮ್ಮೆ ಹಾಲು ಇಳಿಸುವುದನ್ನೇ ಬಿಟ್ಟಿತು. ಅವ್ವ ಕುಷ್ಟಗಿಯಿಂದ ತಂದ ಶೇಂಗಾ ಹಿಂಡಿ ನೆನೆಸಿ ಮುಂದಿಟ್ಟು, ಕೆಚ್ಚಲಿಗೆ ಬಿಸಿನೀರು ಸವರುತ್ತ, ಅದರ ಜೊತೆ ಮಾತಾಡುತ್ತ ಕೂಡುತ್ತಿದ್ದಳು. ಅರ್ಧ ತಾಸಿಗೆ ಒಂದು ಚರಿಗೆ. ನನಗೆ ಶಾಲೆಯ ಹೊತ್ತು. ಸಂತೆಯಿಂದ ಹೆಸರಿಲ್ಲದ, ತಾರೀಖಿಲ್ಲದ ಸಣ್ಣ ಆಕ್ಸಿಟೋಸಿನ್ ಬಾಟಲಿ ತಂದೆ. ಚುಚ್ಚಿದ ಸ್ವಲ್ಪ ಹೊತ್ತಿಗೇ ಮೊಲೆ ಬಿಗಿದು ಹಾಲು ಸುರಿಯಿತು. "ನೋಡವ್ವಾ, ಇದಕ್ಕ ವಿಜ್ಞಾನ ಅಂತಾರ" ಅಂದೆ. ಅವ್ವ ಮಾತಾಡದೆ ಚರಿಗೆ ಎತ್ತಿಕೊಂಡು ಒಳಗೆ ಹೋದಳು.

ಬರಬರುತ್ತ ಸೂಜಿ ಇಲ್ಲದೆ ಹನಿ ಬೀಳದಂತಾಯಿತು. ಚುಚ್ಚಿದಲ್ಲಿ ಗಂಟು ಕಟ್ಟಿತು. ನನ್ನ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಎಮ್ಮೆ ಗ್ವಾದಲಿಯತ್ತ ಸರಿದು ತೊಗಲು ಅದುರಿಸುತ್ತಿತ್ತು. ಊರಲ್ಲಿ ಗುಟ್ಟು ನಿಲ್ಲುತ್ತದೆಯೇ? ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಸೂಜಿ ಹೊಡದ್ರ ಎಮ್ಮಿಗೆ ಕರದ ನೆನಪು ಹೋಗ್ತೈತೇನ್ರೀ?" ಹುಡುಗಿಯರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ನಾನು ಹಲಗೆಗೆ ತಿರುಗಿ, ಬರೆದದ್ದನ್ನೇ ಮತ್ತೆ ಬರೆದೆ.

ಅವನ ಪ್ರಶ್ನೆಗೆ ಉತ್ತರ ಹುಡುಕಿದ್ದು ಆಮೇಲೆ. ಹೋಗುವುದಿಲ್ಲ. ರಕ್ತಕ್ಕೆ ಚುಚ್ಚಿದ ಆಕ್ಸಿಟೋಸಿನ್ ಕೆಚ್ಚಲನ್ನು ಹಿಂಡುತ್ತದೆಯೇ ಹೊರತು ಮಿದುಳಿನೊಳಗೆ ಅಷ್ಟಾಗಿ ದಾಟುವುದಿಲ್ಲ. ಅಲ್ಲಿನ ವ್ಯವಹಾರವೇ ಬೇರೆ. ಹೆದರಿಕೆ, ನೋವಿನ ಸಂಕಟ ಎರಡಕ್ಕೂ ಸಂಬಂಧಿಸಿದ ಅಮಿಗ್ಡಲಾದಲ್ಲಿ ಆಕ್ಸಿಟೋಸಿನ್ನಿನ ಮಾತು ಕೇಳಿಸಿಕೊಳ್ಳುವುದು ಆಸ್ಟ್ರೋಸೈಟ್‌ಗಳು, ಅವುಗಳ ಮೂಲಕ ನರಕೋಶಗಳು ಎಂದು 2021ರಲ್ಲಿ ಇಲಿಗಳ ಮೇಲಿನ ಅಧ್ಯಯನ ತೋರಿಸಿತು. ಈ ಆಸ್ಟ್ರೋಸೈಟ್‌ಗಳು ಚುರುಕಾದಾಗ ಇಲಿಗಳ ಆತಂಕ, ನೋವಿನ ಸಂಕಟ ತಗ್ಗಿದವು. ನರಕೋಶಕ್ಕೆ ಆಸರೆ ಕೊಡುವುದಷ್ಟೇ ಇವುಗಳ ಕೆಲಸ ಎಂದು ನಾನು ವರ್ಷಾನುಗಟ್ಟಲೆ ಒಂದೇ ಸಾಲಿನಲ್ಲಿ ದಾಟಿಸಿದ ಕೋಶಗಳವು! ಮರಿಗೆ ಹಾಲೂಡುವ ಇಲಿಯಲ್ಲಂತೂ ಇವು ಆಕ್ಸಿಟೋಸಿನ್ ನರಕೋಶಗಳ ನಡುವಿನಿಂದ ಹಿಂದೆ ಸರಿದು, ಅವು ಒಟ್ಟಿಗೆ ಮಿಡಿಯಲು ಜಾಗ ಬಿಡುತ್ತವೆ.

ಔಷಧವನ್ನು ದೂರುವಂತಿಲ್ಲ, ಬಾಣಂತಿಯರ ರಕ್ತಸ್ರಾವ ನಿಲ್ಲಿಸುವುದೂ ಇದೇ. ದನಗಳಿಗೆ ಚುಚ್ಚುವುದನ್ನು ತಡೆಯಲು 2018ರಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಇದರ ತಯಾರಿಕೆಯನ್ನು ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಒಂದಕ್ಕೇ ಬಿಡಲು ಹೊರಟಿತ್ತು. ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ನನ್ನ ಬಾಟಲಿಯ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ, ಬಿಡಿ.

ಸೂಜಿಯ ರೂಢಿ ಬಿಡಿಸಲು ಅವ್ವನಿಗೆ ಬಹಳ ದಿನ ಹಿಡಿಯಿತು. ಅವಳ ಕೈಗೆ ಎಮ್ಮೆ ಈಗ ಹಾಲು ಕೊಡುತ್ತದೆ, ನಾನು ಹತ್ತಿರ ನಿಂತರೆ ಇಲ್ಲ. ಹಿಂಡುವ ಹೊತ್ತಾದರೆ, "ನೀ ಹೊರಗ ಹೋಗಿ ಬಾರಪಾ" ಎಂದು ನನ್ನನ್ನೇ ಅಟ್ಟುತ್ತಾಳೆ.