ಹೊಸ್ತಿಲಿನ ಬಿಳಿ ಅಂಚು

ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಹಳೆಯ ಮನೆಯೊಂದನ್ನು ಕೆಡವಿದಾಗ ಇಟ್ಟಿಗೆ, ಗಾರೆಗಳು ಅಂದೇ ಲಾರಿ ಹತ್ತಿದರೂ ಸಾಗವಾನಿಯ ಚೌಕಟ್ಟು ಮಾತ್ರ ಗಿರಾಕಿಗಾಗಿ ಗೋಡೆಗೊರಗಿ ಕಾಯುತ್ತದೆ. ಕೊಳ್ಳಬಂದವನು ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ತುದಿಯನ್ನು ಕೆರೆದು, ಚೇಗು ಎಷ್ಟಿದೆ ಎಂದು ನೋಡುತ್ತಾನೆ. ಚೇಗು ಎಂದರೆ ಕಾಂಡದ ನಡುವಿನ ಗಾಢಬಣ್ಣದ ಗಟ್ಟಿ ತಿರುಳು. ಬೇರಿನ ನೀರನ್ನು ಎಲೆಗೊಯ್ಯುವ ಕೆಲಸ ಹೊರಗಿನ ಬಿಳಿ ಭಾಗದ್ದು. ಮರಕ್ಕೆ ವಯಸ್ಸಾದಂತೆ ಆ ಬಿಳಿಯ ಒಳಪದರದ ಜೀವಕೋಶಗಳು ಸಾಯುತ್ತ, ತಾವು ಕೂಡಿಟ್ಟ ಸಕ್ಕರೆ, ಪಿಷ್ಟಗಳನ್ನು ಶಿಲೀಂಧ್ರಕ್ಕೂ ಗೆದ್ದಲಿಗೂ ಒಗ್ಗದ ರಾಸಾಯನಿಕಗಳಾಗಿ ಮಾರ್ಪಡಿಸಿ ಹೋಗುತ್ತವೆ. ಸಾಗವಾನಿಯಲ್ಲಿ ಅಂಥವುಗಳಲ್ಲೊಂದು ಟೆಕ್ಟೋಕ್ವಿನೋನ್. ಬಿಳಿಗೆ ಈ ಕಾವಲಿಲ್ಲವಾದ್ದರಿಂದ, ಸಾಗವಾನಿಯದೇ ಆದರೂ ಅದು ಬಾಳಿಕೆಯಲ್ಲಿ ಬೂರುಗದ ಪಂಕ್ತಿಗೆ ಸೇರುತ್ತದೆ.

ಯಾವ ಮರ ಎಷ್ಟು ಕಾಲ ತಾಳುತ್ತದೆ ಎಂದು ಅಳೆಯಲು ವಿಜ್ಞಾನಿಗಳು ಬಳಸುವ ವಿಧಾನ ತೀರ ಸರಳವಾದದ್ದು, ಆದರೆ ಅದರ ಹೆಸರು ಸ್ಮಶಾನ ಪರೀಕ್ಷೆ. 60 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ಅಷ್ಟೇ ದಪ್ಪದ ಗೂಟಗಳನ್ನು ಬಯಲಿನಲ್ಲಿ ಸಾಲಾಗಿ ಅರ್ಧದವರೆಗೆ ಹೂತು, ಆಗಾಗ ಕಿತ್ತು ನೋಡಿ, ಮತ್ತೆ ಹೂಳುತ್ತಾರೆ. ಬೇರೆ ಸ್ಮಶಾನಗಳಲ್ಲಿ ಸತ್ತ ಮೇಲೆ ಹೂಳುವುದು ವಾಡಿಕೆ. ಇಲ್ಲಿ ಹೂತ ಮೇಲೆ ಸಾಯುವುದನ್ನು ಕಾಯುತ್ತಾರೆ. ಸರಾಸರಿ 10 ವರ್ಷ ಅಥವಾ ಅದಕ್ಕೂ ಹೆಚ್ಚು ತಾಳಿದರೆ ಮೊದಲ ದರ್ಜೆ, 5ರಿಂದ 10 ವರ್ಷವಾದರೆ ಎರಡನೆಯದು, 5 ವರ್ಷವನ್ನೂ ಕಾಣದಿದ್ದರೆ ಮೂರನೆಯದು. ಸಾಗವಾನಿ, ಬೀಟೆಗಳ ಚೇಗು ಮೊದಲ ದರ್ಜೆಯಲ್ಲಿ ತೇರ್ಗಡೆಯಾದರೆ, ಹಣ್ಣಿನಲ್ಲಿ ರಾಜನೆನಿಸಿದ ಮಾವು ಬೂರುಗದೊಡನೆ ಮೂರನೆಯ ದರ್ಜೆಯಲ್ಲಿ ಕೂರುತ್ತದೆ. ಅರ್ಧ ಮಾತ್ರ ಹೂಳುವುದಕ್ಕೂ ಕಾರಣವಿದೆ: ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು, ಎರಡೂ ಕೂಡುವುದು ಮಣ್ಣು ಮುಗಿಯುವ ಗೆರೆಯಲ್ಲಿ. ಸದಾ ನೀರಿನಲ್ಲಿ ಮುಳುಗಿದ ಮರ ಗಾಳಿಯಿಲ್ಲದೆಯೂ, ಸದಾ ಒಣಗಿರುವ ಮರ ತೇವವಿಲ್ಲದೆಯೂ ಕುಂಬಾಗದೆ ಉಳಿಯುತ್ತವೆ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ 16ನೆಯ ಶತಮಾನದ ಕೆತ್ತನೆಯ ಮರಗಂಬಗಳು ಇಂದಿಗೂ ನಿಂತಿರುವುದಕ್ಕೆ ಮರದ ಗುಣದಷ್ಟೇ ತಲೆಯ ಮೇಲಿನ ಚಾವಣಿಗೂ ಪಾಲು ಸಲ್ಲಬೇಕು.

ಬ್ರಿಟಿಷ್ ರೆಸಿಡೆಂಟನ ಅಧಿಕಾರದಲ್ಲಿದ್ದ ರೆಸಿಡೆನ್ಸಿ ಬಜಾರು ನಿಜಾಮನಿಗೆ ಮರಳಿ ಸುಲ್ತಾನ್ ಬಜಾರೆಂಬ ಹೆಸರು ಪಡೆದ 1933ರಲ್ಲಿಯೇ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬ ಎಂಜಿನಿಯರು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ದ್ರಾವಣವನ್ನು ಮರಕ್ಕೆ ಕುಡಿಸಿ ಕೊಳೆತ ತಡೆಯುವ ವಿಧಾನವನ್ನು ರೂಪಿಸಿದರು. ಎರಡು ಘಟನೆಗಳಿಗೂ ಸಂಬಂಧವಿಲ್ಲದಿದ್ದರೂ ಬಜಾರಿನ ಮೇಲೆ ಮಮತೆಯುಳ್ಳವರು ಅವನ್ನು ಒಂದೇ ಉಸಿರಿನಲ್ಲಿ ಹೇಳಲು ಹಿಂಜರಿಯಬೇಕಾಗಿಲ್ಲ. ಚೇಗು ಈ ದ್ರಾವಣವನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಾವಲಿಲ್ಲದ ಬಿಳಿಯೇ ಅದನ್ನು ಧಾರಾಳವಾಗಿ ಹೀರಿ ಬಾಳಿಕೆ ಪಡೆಯುತ್ತದೆ. ಆರ್ಸೆನಿಕ್ ವಿಷವೆಂಬ ಕಾರಣಕ್ಕೆ ಈಚೆಗೆ ಹಲವು ದೇಶಗಳು ಅದನ್ನು ಮನೆಬಳಕೆಯಿಂದ ದೂರವಿಟ್ಟಿವೆ.

ಬೀದರದಿಂದ ಬಂದು ಬಜಾರಿನ ಗಲ್ಲಿಯೊಂದರಲ್ಲಿ ನೆಲೆಸಿದ ಕನ್ನಡ ಮನೆತನದವನಾದ ಈ ಲೇಖಕನ ಮನೆಯಲ್ಲಿ, ಸಾಗವಾನಿಯ ಹೊಸ್ತಿಲಿಗೂ ಮಾವಿನ ಹಲಗೆಯ ಪುಸ್ತಕದ ಕಪಾಟಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಒಣಗೋಡೆಗೆ ತಾಗಿ ನಿಂತ ಮೂರನೆಯ ದರ್ಜೆಯ ಕಪಾಟು ಒಂದು ತೂತನ್ನೂ ಕಾಣದೆ ಉಳಿದರೆ, ನಿತ್ಯ ಸಾರಣೆ, ರಂಗೋಲಿಗಳ ನೀರುಂಡ ಮೊದಲ ದರ್ಜೆಯ ಹೊಸ್ತಿಲಿನ ಬೀದಿಯ ಕಡೆಯ ಅಂಚು, ಉಗುರು ತಾಗಿಸಿದರೆ ಒದ್ದೆ ರೊಟ್ಟಿಯಂತೆ ಪದರುಪದರಾಗಿ ಕಳಚತೊಡಗಿತು. ಮರ ನಕಲಿಯಿರಬೇಕೆಂಬ ಮನೆಯವರ ಅನುಮಾನವನ್ನು ಬಡಗಿ ಉಳಿ ಹಿಡಿದು ಬಗೆಹರಿಸಿದ: ಕೊಳೆ ಬಿಳಿಯ ಉದ್ದಕ್ಕೂ ಸಾಗಿ, ಕಂದುಬಣ್ಣದ ಚೇಗು ಮೊದಲಾಗುವ ಗೆರೆಯಲ್ಲಿ ಗೀಟು ಹಾಕಿದಂತೆ ನಿಂತಿತ್ತು. ಅವನು ಬಿಳಿಯನ್ನಷ್ಟೇ ಕೊಯ್ದು ತೆಗೆದು, ಅದೇ ಮರವನ್ನು ಹತ್ತರಿ ಹೊಡೆದು ಮತ್ತೆ ಕೂರಿಸಿದ. ಎರಡು ಬೆರಳು ಸಪೂರವಾದ ಆ ಹೊಸ್ತಿಲಿಗೆ ಈಗಲೂ ಪ್ರತಿ ಶುಕ್ರವಾರ ಅರಿಸಿನ ಕುಂಕುಮ ಸಲ್ಲುತ್ತಿದೆ.