ಆ ಹುಡುಗಿ ಯಾಕೆ ಕೆಲಸ ಬಿಟ್ಟಳು?

ನೆಲಮಂಗಲದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಸೂಪರ್‌ವೈಸರ್. 14 ವರ್ಷದ ಹಿಂದೆ ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಈಗ ಒಂದು ಲೈನ್ ನೋಡಿಕೊಳ್ಳುತ್ತಿದ್ದೇನೆ. ‘ಇಷ್ಟು ವರ್ಷ ಒಂದೇ ಕಡೆ ಹೆಂಗಿದ್ರಿ ಅಕ್ಕಾ?’ ಅಂತ ಹೊಸ ಹುಡುಗಿಯರು ಕೇಳ್ತಾರೆ.

ಸಂಬಳಕ್ಕಂತೂ ಅಲ್ಲ. ಪಕ್ಕದ ಫ್ಯಾಕ್ಟರಿಯಲ್ಲಿ ಮುನ್ನೂರು ನಾನ್ನೂರು ಜಾಸ್ತಿನೇ ಕೊಡುತ್ತಿದ್ದರು. ನಾನು ಸೇರಿದಾಗ ಮಗಳಿಗೆ ಒಂದು ವರ್ಷ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆದರೆ ಕೋಣೆ ಇರುವುದು ಬೇರೆ, ಅಲ್ಲಿಗೆ ಹೋಗಲು ಬಿಡುವುದು ಬೇರೆ. ಆಗಿನ ನಮ್ಮ ಸೂಪರ್‌ವೈಸರಮ್ಮ, ‘ಮಗು ಅಳ್ತಿದೆಯಂತೆ, ಹೋಗಿ ಹಾಲು ಕುಡಿಸಿ ಬಾರಮ್ಮ’ ಎಂದು ತಾವೇ ನನ್ನ ಮಿಷನ್ ಮೇಲೆ ಕೂರುತ್ತಿದ್ದರು. ನಾನು ಉಳಿದದ್ದು ಅದಕ್ಕೆ.

ಆದರೆ ಅದೇ ಕುರ್ಚಿ ನನಗೆ ಸಿಕ್ಕಾಗ ಎಲ್ಲ ಮರೆತೆ.

ತ್ಯಾಮಗೊಂಡ್ಲು ಕಡೆಯ ಒಬ್ಬ ಹುಡುಗಿ ಇದ್ದಳು. ಕಾಲರ್ ಕೂಡಿಸೋದರಲ್ಲಿ ಅವಳ ಕೈ ಬಲು ಚುರುಕು. ಒಂದು ದಿನ ಬೆಳಿಗ್ಗೆ ಎರಡನೇ ಸಲ ಬಾತ್‌ರೂಮಿಗೆ ಎದ್ದಳು. ಆ ಗಂಟೆಯ ಟಾರ್ಗೆಟ್ ಬಾಕಿ ಇತ್ತು. ‘ಕೆಲಸಕ್ಕೆ ಬರ್ತೀಯೋ, ಓಡಾಡೋಕೆ ಬರ್ತೀಯೋ?’ ಎಂದು ಇಡೀ ಲೈನಿಗೆ ಕೇಳಿಸುವಂತೆ ಕೂಗಿಬಿಟ್ಟೆ. ಅವಳು ಮಾತಾಡದೆ ಕೂತಳು. ಆ ತಿಂಗಳ ಸಂಬಳ ತಗೊಂಡವಳು ಮತ್ತೆ ಬರಲಿಲ್ಲ.

‘ಪಿಎಫ್ ದುಡ್ಡಿಗೆ ಬಿಟ್ಟಿರ್ತಾಳೆ’ ಎಂದುಕೊಂಡೆ. ನಮ್ಮಲ್ಲಿ ಅದೂ ಉಂಟು. ಮಕ್ಕಳ ಫೀಸಿಗೋ ಮನೆಯ ಸಾಲಕ್ಕೋ ಕೆಲಸ ಬಿಟ್ಟು ಪಿಎಫ್ ತೆಗೆಯುವವರು ಎಷ್ಟೋ ಜನ. ನಮ್ಮಂಥವರ ಉಳಿತಾಯ ಅಂದ್ರೆ ಅದೊಂದೇ. 58 ವರ್ಷ ಆಗೋವರೆಗೆ ಅದನ್ನು ಪೂರ್ತಿ ತೆಗೆಯುವಂತಿಲ್ಲ ಅಂತ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದಿದ್ದರು. ಕೊನೆಗೆ ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂದಕ್ಕೆ ತಗೊಂಡಿತು.

ಕೆಲವು ತಿಂಗಳ ಮೇಲೆ ನೆಲಮಂಗಲ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಕೈಯಲ್ಲಿ ಫ್ರೀ ಟಿಕೆಟಿಗೆ ತೋರಿಸುವ ಆಧಾರ್ ಕಾರ್ಡ್.

‘ಈಗ ಎಲ್ಲಮ್ಮಾ ಕೆಲಸ?’

‘ಪೀಣ್ಯದಲ್ಲಿ ಅಕ್ಕಾ.’

‘ಅಷ್ಟು ದೂರನಾ? ಜಾಸ್ತಿ ಕೊಡ್ತಾರಾ?’

‘ಇಲ್ಲ ಅಕ್ಕಾ, ಅಷ್ಟೇ. ಅಲ್ಲಿ ಎದ್ದು ಹೋದ್ರೆ ಯಾರೂ ಬೈಯಲ್ಲ.’ ನೆಲ ನೋಡುತ್ತಾ ಹೇಳಿದಳು. ‘ಆವತ್ತು ನನಗೆ ಹುಷಾರಿರಲಿಲ್ಲ, ತಿಂಗಳ ಹೊಟ್ಟೆನೋವು. ಅಷ್ಟು ಜನರ ಮುಂದೆ ಹೆಂಗೆ ಹೇಳಲಿ?’

ನನ್ನ ಗಂಟಲು ಕಟ್ಟಿತು. ‘ತಪ್ಪಾಯ್ತಮ್ಮ’ ಅನ್ನುವಷ್ಟರಲ್ಲಿ ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ, ‘ಪಾಪು ಹೆಂಗಿದಾಳೆ ಅಕ್ಕಾ? ಹತ್ತನೇ ಕ್ಲಾಸಲ್ವಾ?’ ಎಂದು ಕೇಳಿ ಹೋದಳು.

ಈಗ ನಮ್ಮ ಲೈನಿನಲ್ಲಿ ಯಾರಾದರೂ ಎದ್ದರೆ ಅವರ ಮಿಷನ್ ಮೇಲೆ ನಾನು ಕೂರುತ್ತೇನೆ. ಟಾರ್ಗೆಟ್ ತಪ್ಪಿದ ದಿನ ಮೇಲಿನವರಿಂದ ಬೈಸಿಕೊಳ್ಳುವುದೂ ಉಂಟು. ಬೈಸಿಕೊಳ್ಳುತ್ತೇನೆ. ನಿಮ್ಮ ಕೈಕೆಳಗೆ ದುಡಿದವರು ಯಾರಾದರೂ ಸುಮ್ಮನೆ ಬಿಟ್ಟು ಹೋಗಿದ್ದರೆ, ಸಿಕ್ಕಾಗ ಒಮ್ಮೆ ಕೇಳಿ ನೋಡಿ. ನಾನು ಕೇಳಿದ್ದು ತಡವಾಯಿತು.